ಮಗುವಿಗೆ ಲಸಿಕೆ ಹಾಕುವ ದಿನವೇ ತಾಯಿಗೆ ಟಿಎಸ್‌ಎಚ್

ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತವನ್ನು (ಗ್ರಂಥಿಯ ಹಾರ್ಮೋನು ಸಾಮಾನ್ಯವಾಗಿ ಮೊದಲು ಏರಿ ಆಮೇಲೆ ಇಳಿಯುವ ಕಾಯಿಲೆ) ತಾಲ್ಲೂಕಿನ ಸಣ್ಣ ಆಸ್ಪತ್ರೆಯಲ್ಲಿ ಹಿಡಿಯಲಾಗದು ಎಂದವರು ಒಬ್ಬಿಬ್ಬರಲ್ಲ. "ಬಾಣಂತಿಗೆ ಸುಸ್ತಾಗದೆ ಇನ್ಯಾರಿಗಾಗಬೇಕಮ್ಮ?" ಎಂದು ಹಿರಿಯ ವೈದ್ಯರೊಬ್ಬರು ತಳ್ಳಿಹಾಕಿಬಿಟ್ಟಿದ್ದರು. ಈಗ ತಮ್ಮ ಸೊಸೆಯ ರಿಪೋರ್ಟನ್ನು ಅವರೇ ನನಗೆ ಕಳಿಸುತ್ತಾರೆ.

ಮೊದಲು ಗರ್ಭಿಣಿಯರೆಲ್ಲರಿಗೂ ಟಿಪಿಒ ಆ್ಯಂಟಿಬಾಡಿ (ಥೈರಾಯ್ಡ್ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯ) ಪರೀಕ್ಷೆ ಮಾಡಿಸಲು ಹೊರಟೆ. ಪಾಸಿಟಿವ್ ಬಂದವರಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮಂದಿಗೆ ಮುಂದೆ ತೊಂದರೆ ಬರುತ್ತದಲ್ಲ, ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಪರೀಕ್ಷೆಗೆ ಹತ್ತಿರ ಹತ್ತಿರ ಸಾವಿರ ರೂಪಾಯಿ. ಕಾಯಿಲೆಯೇ ಇಲ್ಲದವಳಿಗೆ ಏಕೆ ಎಂದು ಮನೆಯವರು ಎದ್ದು ಹೋಗುತ್ತಿದ್ದರು. ಅರ್ಧ ಖರ್ಚು ನಾನೇ ಹಾಕಿ ಮೂವತ್ತು ನಲವತ್ತು ಸಾವಿರ ಕರಗಿತು. ಪಾಸಿಟಿವ್ ಬಂದವರೂ ಬಾಣಂತನಕ್ಕೆ ತವರಿಗೆ ಹೋಗಿ ಕೈತಪ್ಪಿದರು. ಹೆರಿಗೆಯಾದ ಆರನೇ ವಾರದ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಏರಿದರೆ ಇಳಿಯುವ, ಇಳಿದರೆ ಏರುವ ರಕ್ತದ ಅಂಶ) ಪರೀಕ್ಷೆ ಕೂಡ ಪ್ರಯೋಜನಕ್ಕೆ ಬರಲಿಲ್ಲ. ಬಸಿರಿನಲ್ಲಿ ತಗ್ಗಿದ್ದ ರೋಗನಿರೋಧಕ ವ್ಯವಸ್ಥೆ ಪುಟಿದೆದ್ದು ಗ್ರಂಥಿಯ ಮೇಲೆ ಬೀಳಲು ಇನ್ನೂ ಸ್ವಲ್ಪ ಕಾಲ ಬೇಕು.

ತಾಯಿ ತನಗಾಗಿ ಬರುವುದಿಲ್ಲ, ಮಗುವಿಗಾಗಿ ಬಂದೇ ಬರುತ್ತಾಳೆ. 14ನೇ ವಾರದ ಪೆಂಟಾವೇಲೆಂಟ್ ಲಸಿಕೆಯ ದಿನ ಒಂದು ಟಿಎಸ್‌ಎಚ್, 9ನೇ ತಿಂಗಳ ದಡಾರ-ರುಬೆಲ್ಲಾ ದಿನ ಇನ್ನೊಂದು. ಮೊದಲನೆಯದರಲ್ಲಿ ಹಾರ್ಮೋನು ಏರಿದವರು, ಎರಡನೆಯದರಲ್ಲಿ ಇಳಿದವರು ಸಿಗುತ್ತಾರೆ. ನಡುವೆ ಸುಸ್ತು ಹೆಚ್ಚಿದರೆ ಕಾಯುವುದಿಲ್ಲ. ತಾಯಿ ಕಾರ್ಡಿನ ಲಸಿಕೆ ಪುಟದಲ್ಲಿ ಕೆಂಪು ಮಸಿಯಿಂದ 'ತಾಯಿಗೂ ರಕ್ತ ಪರೀಕ್ಷೆ' ಎಂದು ಬರೆಯುತ್ತೇನೆ; ತವರೂರಿನ ಆಶಾ ಕಾರ್ಯಕರ್ತೆಯೂ ಅದನ್ನು ನೋಡಿ ಕಳಿಸುತ್ತಾರೆ. 250 ರೂಪಾಯಿಯ ಪರೀಕ್ಷೆಯನ್ನು ಲ್ಯಾಬಿನವರಿಂದ ನೂರರ ಆಸುಪಾಸಿಗೆ ಇಳಿಸಿಕೊಂಡ ಬಗೆಯನ್ನು ಮಾತ್ರ ಇಲ್ಲಿ ಬರೆಯಲಾರೆ. ಈಗ ನೂರಕ್ಕೆ ಐದಾರು ಮಂದಿ ಸಿಗುತ್ತಿದ್ದಾರೆ.

ಎದೆ ಡವಗುಟ್ಟುತ್ತಿದೆ ಎಂದು ಬಂದ ಒಬ್ಬಳಿಗೆ ಬೇರೆಡೆ ಕಾರ್ಬಿಮಜೋಲ್ ಶುರುಮಾಡಿದ್ದರು. ಗ್ರಂಥಿ ಅತಿಯಾಗಿ ಹಾರ್ಮೋನು ತಯಾರಿಸುವ ಗ್ರೇವ್ಸ್ ಕಾಯಿಲೆಯನ್ನು ಗುರುತಿಸುವ ಟಿಆರ್‌ಎಬಿ ಪರೀಕ್ಷೆ ನೆಗೆಟಿವ್. ಗ್ರಂಥಿಯ ಕೋಶಗಳು ಒಡೆದು ಹಾರ್ಮೋನಿನ ಹಳೆಯ ದಾಸ್ತಾನು ಚೆಲ್ಲುತ್ತಿರುವಾಗ ತಯಾರಿಕೆ ತಡೆಯುವ ಮಾತ್ರೆಗೆ ಏನು ಕೆಲಸ? ಅದನ್ನು ನಿಲ್ಲಿಸಿ ಕೆಲವು ವಾರ ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಕೊಟ್ಟೆ, ಶಾಂತವಾಯಿತು. ಇನ್ನೊಬ್ಬಳು ಕೂದಲುದುರುವುದಕ್ಕೆಂದು ಬಯೋಟಿನ್ ನುಂಗುತ್ತಿದ್ದಳು, ಆ ವಿಟಮಿನ್ ರಕ್ತ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು; ಅದನ್ನು ಮೂರು ದಿನ ಬಿಡಿಸಿ ಮತ್ತೆ ರಕ್ತ ತೆಗೆದಾಗ ಟಿಎಸ್‌ಎಚ್ ಸರಿಯಾಗಿಯೇ ಇತ್ತು. ಸೆಲೆನಿಯಂ ಕೂಡ ಕೆಲವರಿಗೆ ಕೊಟ್ಟು ನೋಡಿದೆ. ಖರ್ಚು ಕಂಡಿತು, ಗುಣ ಕಾಣಲಿಲ್ಲ, ಬಿಟ್ಟೆ.

ಹೆಚ್ಚು ತಲೆ ತಿಂದದ್ದು, ಹಾರ್ಮೋನು ಇಳಿದವರಿಗೆ ಥೈರಾಕ್ಸಿನ್ ಮಾತ್ರೆ ಕೊಟ್ಟರೂ ಇಳಿಯದ ಟಿಎಸ್‌ಎಚ್. ಬಾಣಂತಿಯರು ಕಬ್ಬಿಣ, ಕ್ಯಾಲ್ಸಿಯಂ, ಥೈರಾಕ್ಸಿನ್ ಮೂರನ್ನೂ ಒಟ್ಟಿಗೆ ನುಂಗುತ್ತಿದ್ದರು; ಕಬ್ಬಿಣ, ಕ್ಯಾಲ್ಸಿಯಂ ಜೊತೆಗಿದ್ದರೆ ಥೈರಾಕ್ಸಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬೆಳಗಿನ ಜಾವ ಹಾಲೂಡಿಸಲು ಎದ್ದಾಗ ಥೈರಾಕ್ಸಿನ್, ಮಧ್ಯಾಹ್ನ ಕಬ್ಬಿಣ, ರಾತ್ರಿ ಕ್ಯಾಲ್ಸಿಯಂ ಎಂದು ಬೇರೆ ಮಾಡಿದ ಮೇಲೆ ಡೋಸ್ ಏರಿಸುವ ಪ್ರಸಂಗವೇ ಅಪರೂಪ. ಮತ್ತೆ ಬಸಿರಾಗುವ ಯೋಚನೆ ಇಲ್ಲದವರಿಗೆ ಸುಮಾರು ವರ್ಷದ ನಂತರ ಡೋಸ್ ತಗ್ಗಿಸುತ್ತಾ ಬರುತ್ತೇನೆ. ಮಾತ್ರೆ ಬಿಟ್ಟವರಿಗೂ ವರ್ಷಕ್ಕೊಮ್ಮೆ ಟಿಎಸ್‌ಎಚ್ ತಪ್ಪಿಸುವುದಿಲ್ಲ. ಮರೆಯಬಾರದೆಂದು ಮಗುವಿನ ಹುಟ್ಟುಹಬ್ಬದ ವಾರಕ್ಕೇ ಅದನ್ನು ಗೊತ್ತುಮಾಡಿದ್ದೇನೆ.