ಮಾರಿದ ಟಿಕೆಟ್ ಬೇರೆ, ತುಂಬಿದ ಸೀಟು ಬೇರೆ: ಫುಟ್‌ಬಾಲ್ ಕ್ಲಬ್ಬೊಂದರ ಟಿಕೆಟ್ ವಿಭಾಗದಲ್ಲಿ ನನ್ನ ಅನುಭವ

ಮ್ಯಾಚಿನ ಎರಡನೇ ಅರ್ಧದಲ್ಲಿ ಮೈಕಿನಲ್ಲಿ ಒಂದು ಸಂಖ್ಯೆ ಹೇಳುತ್ತಾರೆ, "ಇವತ್ತು ಬಂದಿರುವ ಪ್ರೇಕ್ಷಕರು ಇಷ್ಟು" ಅಂತ. ಬಹಳ ಕ್ಲಬ್ಬುಗಳಲ್ಲಿ ಅದು ಬಂದವರ ಲೆಕ್ಕವಲ್ಲ, ಮಾರಾಟವಾದ ಟಿಕೆಟ್ಟಿನ ಲೆಕ್ಕ. ಆರ್ಸೆನಲ್ ಕ್ಲಬ್ಬಿನ ಎಮಿರೇಟ್ಸ್ ಸ್ಟೇಡಿಯಂ ಈ ವಿಷಯಕ್ಕೇ ಹೆಸರಾಗಿತ್ತು. ಟಿವಿಯಲ್ಲಿ ಸಾಲುಸಾಲು ಕೆಂಪು ಸೀಟುಗಳು ಖಾಲಿ ಕಾಣುತ್ತಿದ್ದರೂ ಘೋಷಣೆ ಮಾತ್ರ 60,000ದ ಹತ್ತಿರ ಇರುತ್ತಿತ್ತು. ಸುಳ್ಳೇನಲ್ಲ, ಟಿಕೆಟ್ ಮಾರಿದ್ದು ನಿಜ. ಆದರೆ ಆ ಸಂಖ್ಯೆ ಇಟ್ಟುಕೊಂಡು ಮುಂದಿನ ವರ್ಷದ ದರ ಹಾಕಲು ಕೂತರೆ ಕೆಲಸ ಕೆಡುತ್ತದೆ.

ನಾನು ವೃತ್ತಿಪರ ಕ್ಲಬ್ಬೊಂದರಲ್ಲಿ ಟಿಕೆಟ್ ದರ ಮತ್ತು ಸೀಸನ್ ಟಿಕೆಟ್ (ವರ್ಷದ ತವರಿನ ಮ್ಯಾಚುಗಳಿಗೆಲ್ಲ ಒಟ್ಟಿಗೇ ಕೊಳ್ಳುವ ಟಿಕೆಟ್) ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದಾಗ ನಾನು ಕೇಳಿದ ಮೊದಲ ಫೈಲ್ ಮಾರಾಟದ್ದಲ್ಲ, ಗೇಟಿನ ಸ್ಕ್ಯಾನ್ ಫೈಲ್. ಯಾವ ಕಾರ್ಡು, ಯಾವ ಗೇಟು, ಎಷ್ಟು ಗಂಟೆಗೆ ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಅದನ್ನು ಸೀಟ್ ನಂಬರಿನ ಜೊತೆ ಜೋಡಿಸಿ ನಕ್ಷೆಯ ಮೇಲೆ ಬಣ್ಣ ಹಾಕಿದೆ. ಬಂದ ಸೀಟು ಹಸಿರು, ಬರದ ಸೀಟು ಬೂದು. ನಾವೆಲ್ಲ ಅಂದುಕೊಂಡಿದ್ದಕ್ಕೆ ಪೂರ್ತಿ ಉಲ್ಟಾ ಚಿತ್ರ ಬಂತು. ಗೋಲಿನ ಹಿಂದಿನ ಅಗ್ಗದ ಸ್ಟ್ಯಾಂಡ್ ಮಳೆಯಲ್ಲೂ ಹಸಿರು. ಬೂದು ಬಣ್ಣ ಜಾಸ್ತಿ ಇದ್ದದ್ದು ಸೆಂಟರ್ ಲೈನಿನ ಎದುರಿನ ದುಬಾರಿ ಸೀಟುಗಳಲ್ಲಿ. ಮುಂಚೆಯೇ ದುಡ್ಡು ಕೊಟ್ಟವರು ಬಂದಿರಲಿಲ್ಲ.

ಅಂದರೆ ಖಾಲಿ ಸೀಟಿಗೆ ದರವೇ ಕಾರಣ ಅನ್ನುವ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ತಿಳಿಯಬೇಕಾದರೆ ಜನರನ್ನೇ ಕೇಳಬೇಕು. ಸತತವಾಗಿ ನಾಲ್ಕು ಮ್ಯಾಚು ತಪ್ಪಿಸಿದವರು ಮುಂದಿನ ವರ್ಷ ಸೀಸನ್ ಟಿಕೆಟ್ ನವೀಕರಿಸುವುದು ಅಪರೂಪ ಅಂತ ಹಳೆಯ ದಾಖಲೆಯಲ್ಲಿ ಕಾಣುತ್ತಿತ್ತು. ಅಂಥವರ ಪಟ್ಟಿ ಮಾಡಿ ನಾವೇ ಕೂತು ಫೋನ್ ಮಾಡಿದೆವು. ಕಾಲ್ ಸೆಂಟರಿಗೆ ಕೊಡಲಿಲ್ಲ. ಬರೆದುಕೊಟ್ಟ ಪ್ರಶ್ನೆ ಓದಿದರೆ ಬರೆದುಕೊಟ್ಟಂಥ ಉತ್ತರವೇ ಸಿಗುತ್ತದೆ.

ಮೊದಲ ಉತ್ತರ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ: "ದರ ಜಾಸ್ತಿಯಾಯ್ತು." ಸುಮ್ನೆ ಕೇಳಿಸಿಕೊಂಡು ಇನ್ನೊಂದು ನಿಮಿಷ ಮಾತಾಡಿಸಿದರೆ ನಿಜವಾದ ಕಾರಣ ಹೊರಬರುತ್ತಿತ್ತು. ಟಿವಿಯವರಿಗಾಗಿ ಶನಿವಾರ ಮಧ್ಯಾಹ್ನದ ಮ್ಯಾಚನ್ನು ಸೋಮವಾರ ರಾತ್ರಿಗೆ ಹಾಕಿದ್ದು. ಮ್ಯಾಚು ಮುಗಿದ ಮೇಲೆ ಮನೆಗೆ ಹೋಗಲು ಕೊನೆಯ ರೈಲು ತಪ್ಪುವುದು. ಒಬ್ಬ ಹಿರಿಯರು ಹೇಳಿದ್ದನ್ನು ನಾನು ಈಗಲೂ ಮೀಟಿಂಗುಗಳಲ್ಲಿ ಹೇಳುತ್ತಿರುತ್ತೇನೆ. ಅವರ ಪಕ್ಕದ ಸೀಟಿನಲ್ಲಿ ವರ್ಷಗಟ್ಟಲೆ ಕೂರುತ್ತಿದ್ದ ಗೆಳೆಯರು, ದರ ಏರಿದ ವರ್ಷ ಮೂಲೆಯ ಬ್ಲಾಕಿಗೆ ಹೋದರಂತೆ. ಇವರಿಗೆ ದರ ಕೊಡಲು ಕಷ್ಟವಿರಲಿಲ್ಲ. ಆದರೆ ಗೋಲು ಬಿದ್ದಾಗ ತಿರುಗಿ ನೋಡಿದರೆ ಪಕ್ಕದಲ್ಲಿ ಗುರುತಿನವರೇ ಇಲ್ಲ. ಬರುಬರುತ್ತಾ ಬರುವುದೇ ಬಿಟ್ಟರು. ನಾವು ಒಂದು ಸೀಟಿನ ದರ ಏರಿಸಿ ಎರಡು ಸೀಟು ಕಳೆದುಕೊಂಡಿದ್ದೆವು. ಯಾವ ಎಕ್ಸೆಲ್ ಶೀಟಿನಲ್ಲೂ ಇದು ಕಾಣುವುದಿಲ್ಲ.

ಅಲ್ಲಿಂದ ಮುಂದೆ, ದರ ಏರಿಕೆಯಿಂದ ಸೀಟು ಬದಲಿಸುವವರಿಗೆ ಅವರ ಅಕ್ಕಪಕ್ಕದವರ ಜೊತೆಗೇ ಬದಲಿಸುವ ಅವಕಾಶ ಕೊಟ್ಟೆವು. ಇಬ್ಬರು, ಮೂವರು, ಐದು ಜನ, ಎಷ್ಟೇ ಇರಲಿ. ಸಾಫ್ಟ್‌ವೇರಿನವರು ಆಗುವುದೇ ಇಲ್ಲ ಅಂದರು. ಮೊದಲ ವರ್ಷ ಕೈಯಲ್ಲೇ ಮಾಡಿದೆವು.

ಇನ್ನೊಂದು ಕೆಲಸ, ಬರಲಾಗದವರು ಆ ಮ್ಯಾಚಿನ ಸೀಟನ್ನು ಕ್ಲಬ್ಬಿಗೇ ಹಿಂತಿರುಗಿಸುವ ವ್ಯವಸ್ಥೆ. ಸೀಟು ಮತ್ತೆ ಮಾರಾಟವಾದರೆ ಅವರ ಪಾಲಿನ ಹಣ ಮುಂದಿನ ವರ್ಷದ ನವೀಕರಣಕ್ಕೆ ಜಮೆ. ಮುಖಬೆಲೆಗಿಂತ ಜಾಸ್ತಿಗೆ ಮಾರುವಂತಿಲ್ಲ. ಇಲ್ಲಿ ಒಂದು ಸಣ್ಣ ವಿಷಯ ದೊಡ್ಡ ವ್ಯತ್ಯಾಸ ಮಾಡಿತು. ಮ್ಯಾಚಿನ ಬೆಳಿಗ್ಗೆಯಲ್ಲ, ಮೂರು ದಿನ ಮುಂಚೆ "ಬರ್ತೀರಾ?" ಅಂತ ಒಂದು ಮೆಸೇಜ್ ಕಳಿಸುವುದು. ಬೆಳಿಗ್ಗೆ ಕೇಳಿದರೆ ಜನ ಉತ್ತರಿಸುವುದಿಲ್ಲ, ಉತ್ತರಿಸಿದರೂ ಆ ಸೀಟು ಕೊಳ್ಳುವವರಿಗೆ ಹೊರಡಲು ಹೊತ್ತಿರುವುದಿಲ್ಲ. ಕೆಲವು ಕ್ಲಬ್ಬುಗಳು ಇಷ್ಟು ಮ್ಯಾಚಿಗೆ ಬರದಿದ್ದರೆ ಸೀಸನ್ ಟಿಕೆಟ್ಟೇ ರದ್ದು ಅನ್ನುತ್ತವೆ. ಹೊರಗೆ ಉದ್ದನೆಯ ವೇಟಿಂಗ್ ಲಿಸ್ಟ್ ಇದ್ದವರಿಗೆ ಆ ಗತ್ತು ಸರಿ. ನಮಗೆ ಇರಲಿಲ್ಲ.

ಬಿಟ್ಟಿ ಟಿಕೆಟ್ ಬಗ್ಗೆ ಎರಡೇ ಮಾತು. ಹಂಚಿ ನೋಡಿದ್ದೇವೆ. ತೆಗೆದುಕೊಂಡವರಲ್ಲಿ ಬಹಳ ಜನ ಬರಲಿಲ್ಲ, ಬಂದವರು ಮತ್ತೆ ದುಡ್ಡು ಕೊಟ್ಟು ಬರಲಿಲ್ಲ. ಪಕ್ಕದಲ್ಲಿ ಕೂತ ಸೀಸನ್ ಟಿಕೆಟ್‌ನವರಿಗೆ ಹೊಟ್ಟೆ ಉರಿದದ್ದು ಬೇರೆ.

ಕೊನೆ ಗಳಿಗೆಯ ರಿಯಾಯಿತಿ ಅದಕ್ಕಿಂತ ಕೆಟ್ಟದ್ದು. ಅಮೆರಿಕದಲ್ಲಿ ನಡೆದ 2025ರ ಕ್ಲಬ್ ವಿಶ್ವಕಪ್ಪಿನಲ್ಲಿ ಚೆಲ್ಸಿ ಮತ್ತು ಫ್ಲುಮಿನೆನ್ಸೆ ನಡುವಿನ ಸೆಮಿಫೈನಲ್ ಇತ್ತಲ್ವಾ, ಅದರ ಸಾಮಾನ್ಯ ಟಿಕೆಟ್ 473.90 ಡಾಲರ್‌ನಿಂದ ಕೆಲವೇ ದಿನದಲ್ಲಿ 13.40 ಡಾಲರ್‌ಗೆ ಇಳಿಯಿತು. ಬೇಡಿಕೆ ನೋಡಿ ದರ ಏರಿಳಿಸುವ ಡೈನಾಮಿಕ್ ಪ್ರೈಸಿಂಗ್ ಅದು. ಸೀಟು ತುಂಬುವ ಲೆಕ್ಕದಲ್ಲಿ ನೋಡಿದರೆ ಇಳಿಸಿದ್ದು ಸರಿಯೇ. ಆದರೆ ಮೊದಲೇ ಕೊಂಡವನ ಮುಖ ನೆನೆಸಿಕೊಳ್ಳಿ. ಒಮ್ಮೆ ಬಂದು ಹೋಗುವ ಟೂರ್ನಿಗೆ ಇದು ನಡೆಯಬಹುದು. ಎರಡು ವಾರಕ್ಕೊಮ್ಮೆ ಅದೇ ಜನರ ಎದುರು ಆಡುವ ಕ್ಲಬ್ಬಿಗೆ ಆಗದು. ಕಾದರೆ ಅಗ್ಗವಾಗುತ್ತದೆ ಅಂತ ಒಮ್ಮೆ ಗೊತ್ತಾದರೆ ಮುಂದಿನ ಸಲ ಎಲ್ಲರೂ ಕಾಯುತ್ತಾರೆ. ಹಾಗಾಗಿ ನಮ್ಮಲ್ಲಿ ಒಂದು ನಿಯಮ ಮಾಡಿಕೊಂಡೆವು. ಬಿಡಿ ಟಿಕೆಟ್ಟಿನ ದರ ಯಾವ ಮ್ಯಾಚಿನಲ್ಲೂ, ಯಾವ ದಿನವೂ, ಅದೇ ಸೀಟಿನ ಸೀಸನ್ ಟಿಕೆಟ್ಟಿನ ತಲಾ ಮ್ಯಾಚಿನ ದರಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಎದುರಾಳಿ ಎಷ್ಟೇ ಸಪ್ಪೆ ತಂಡವಾಗಿರಲಿ.

ಯಾರು ಗೆಲ್ಲುತ್ತಾರೆ ಅಂತ ಗೊತ್ತಿಲ್ಲದಿದ್ದರೇ ಜನ ಬರುತ್ತಾರೆ ಅನ್ನುವ ವಾದ 1956ರಲ್ಲಿ ಸೈಮನ್ ರಾಟನ್‌ಬರ್ಗ್ ಅನ್ನುವ ಅರ್ಥಶಾಸ್ತ್ರಜ್ಞ ಬೇಸ್‌ಬಾಲ್ ಬಗ್ಗೆ ಬರೆದ ಲೇಖನದಿಂದ ಶುರುವಾಯಿತು. ನಮ್ಮ ಗೇಟಿನ ಲೆಕ್ಕದಲ್ಲಿ ನನಗೆ ಅದು ಕಾಣಲಿಲ್ಲ. ನಮ್ಮವರು ಬರುವುದು ತಮ್ಮ ತಂಡ ಗೆಲ್ಲುವುದನ್ನು ನೋಡಲು, ಇಲ್ಲವೇ ಎದುರಿನ ದೊಡ್ಡ ಹೆಸರನ್ನು ನೋಡಲು.

ಎಲ್ಲಿ ಏರಿಸಬೇಕು ಅನ್ನುವುದಕ್ಕಿಂತ ಎಲ್ಲಿ ಏರಿಸಬಾರದು ಅನ್ನುವುದನ್ನು ಮೊದಲು ಗುರುತು ಮಾಡಿಕೊಳ್ಳುತ್ತೇನೆ. ಗೋಲಿನ ಹಿಂದಿನ ಸ್ಟ್ಯಾಂಡ್ ಮುಟ್ಟುವುದಿಲ್ಲ. ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ಬಿನಲ್ಲಿ ಗೋಲಿನ ಹಿಂದಿರುವ ದಕ್ಷಿಣ ಸ್ಟ್ಯಾಂಡಿನಲ್ಲಿ ಸುಮಾರು 25,000 ಜನ ನಿಂತೇ ಮ್ಯಾಚು ನೋಡುತ್ತಾರೆ, ಕಡಿಮೆ ದರಕ್ಕೆ. ಸೀಟು ಹಾಕಿ ದರ ಏರಿಸಿದರೆ ಲೆಕ್ಕದಲ್ಲಿ ಲಾಭ ಕಾಣಬಹುದು. ಆದರೆ ದುಬಾರಿ ಸೀಟಿನವರು ದುಡ್ಡು ಕೊಡುವುದೇ ಆ ಗದ್ದಲದ ಎದುರು ಕೂರಲು. ಟಿವಿಯವರೂ ಅಷ್ಟೇ, ಪ್ರಾಯೋಜಕರೂ ಅಷ್ಟೇ.

ಇನ್ನೊಂದು, ಪಟ್ಟಿಯ ತುದಿಯಲ್ಲಿರುವ ಅತಿ ದೊಡ್ಡ ಸಂಖ್ಯೆ. ಲಿವರ್‌ಪೂಲ್ 2016ರಲ್ಲಿ ಹೊಸ ಮೇನ್ ಸ್ಟ್ಯಾಂಡಿನ ಕೆಲವು ಸೀಟುಗಳಿಗೆ 77 ಪೌಂಡ್ ದರ ಘೋಷಿಸಿತು. ಆ ಫೆಬ್ರವರಿಯಲ್ಲಿ ಸಂಡರ್‌ಲ್ಯಾಂಡ್ ವಿರುದ್ಧದ ಮ್ಯಾಚಿನ 77ನೇ ನಿಮಿಷಕ್ಕೆ ಸುಮಾರು 10,000 ಜನ ಎದ್ದು ಹೊರನಡೆದರು. ಆಗ ತಂಡ 2-0 ಮುಂದಿತ್ತು, ಮ್ಯಾಚು 2-2ರಲ್ಲಿ ಮುಗಿಯಿತು. ಕೆಲವೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ಗರಿಷ್ಠ ದರವನ್ನು ಹಿಂದಿನ 59 ಪೌಂಡ್‌ನಲ್ಲೇ ಉಳಿಸಿದರು. ಅದೇ ಹೊಸ ಪಟ್ಟಿಯಲ್ಲಿ ಕೆಲವು ಅಗ್ಗದ ಸೀಟುಗಳೂ ಇದ್ದವು. ಅದನ್ನು ಯಾರು ನೆನಪಿಟ್ಟುಕೊಂಡರು? ನಮ್ಮ ದರಪಟ್ಟಿ ಕಳಿಸುವ ಮುಂಚೆ ನಾನು ಅತಿ ದೊಡ್ಡ ಸಂಖ್ಯೆಯನ್ನು ಒಂದು ಬಟ್ಟೆಯ ಬ್ಯಾನರಿನ ಮೇಲೆ ಬರೆದಂತೆ ಕಲ್ಪಿಸಿಕೊಂಡು ನೋಡುತ್ತೇನೆ. ಅಸಹ್ಯ ಅನ್ನಿಸಿದರೆ ಕಡಿಮೆ ಮಾಡುತ್ತೇನೆ.

ಹೊರಗಿನಿಂದ ಬರುವ ಎದುರಾಳಿ ಅಭಿಮಾನಿಗಳನ್ನು ಹಿಂಡುವುದು ಸುಲಭ, ಅವರಿಗೆ ಬೇರೆ ಆಯ್ಕೆ ಇಲ್ಲವಲ್ಲ. ಆದರೆ 2013ರ ಜನವರಿಯಲ್ಲಿ ಆರ್ಸೆನಲ್ 62 ಪೌಂಡ್ ದರ ಇಟ್ಟಾಗ ಮ್ಯಾಂಚೆಸ್ಟರ್ ಸಿಟಿಗೆ ಕೊಟ್ಟ ಟಿಕೆಟ್ಟಿನಲ್ಲಿ 900ಕ್ಕೂ ಹೆಚ್ಚು ವಾಪಸ್ ಬಂದವು. 2016-17ರಿಂದ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಎದುರಾಳಿ ಅಭಿಮಾನಿಗಳ ಟಿಕೆಟ್ಟಿಗೆ 30 ಪೌಂಡ್ ಮಿತಿ ಹಾಕಿತು. ಅವರು ಕೂರುವ ಮೂಲೆ ಖಾಲಿ ಇದ್ದರೆ ನಮ್ಮವರೂ ಅರ್ಧ ದನಿಯಲ್ಲೇ ಹಾಡುತ್ತಾರೆ. ಹಾಗಾಗಿ ನಾವೂ ಕಡಿಮೆಯಲ್ಲೇ ಇಟ್ಟಿದ್ದೇವೆ.

ಮುಂದಿನ ಸೀಸನ್ನಿನ ಪಟ್ಟಿ ಈಗ ಮೇಜಿನ ಮೇಲಿದೆ. ಗೋಲಿನ ಹಿಂದೆ ಹಳೆಯ ದರವೇ. ಸೆಂಟರ್ ಲೈನಿನಲ್ಲಿ ಸ್ವಲ್ಪ ಏರಿಕೆ, ಅದೂ ಬಿಡಿ ಟಿಕೆಟ್ಟಿಗೆ ಮಾತ್ರ. ಮಕ್ಕಳ ಟಿಕೆಟ್ ದೊಡ್ಡವರ ಟಿಕೆಟ್ಟಿಗೆ ಅಂಟಿಕೊಂಡೇ ಇರುತ್ತದೆ, ಬೇರೆ ಬ್ಲಾಕಿಗೆ ಕಳಿಸುವುದಿಲ್ಲ. ಮ್ಯಾಚುಗಳನ್ನು ಎರಡೇ ವರ್ಗ ಮಾಡಿದ್ದೇನೆ, ದೊಡ್ಡ ಎದುರಾಳಿ ಮತ್ತು ಉಳಿದವರು. ಹಣಕಾಸಿನವರು ಮೂರನೇ ವರ್ಗ ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ. ಟಿವಿ ವೇಳಾಪಟ್ಟಿ ಬಂದ ಮೇಲೆ ಮಾತಾಡೋಣ ಅಂದಿದ್ದೇನೆ, ಯಾಕಂದರೆ ಸೋಮವಾರದ ಮ್ಯಾಚುಗಳು ಎಷ್ಟು ಅಂತ ತಿಳಿಯದೆ ಆ ಜಗಳಕ್ಕೆ ಅರ್ಥವಿಲ್ಲ.