ಫೌಂಡೇಶನ್ ಬದಲಿಸಿದೆ, ಬದಲಿಸಬೇಕಿದ್ದದ್ದು ಸೋಪು

ಮೊದಲ ಸಲ ಮುಖಕ್ಕೆ ಫೌಂಡೇಶನ್, ಅಂದರೆ ಮೈಬಣ್ಣದ ಮೇಕಪ್ ಕ್ರೀಮ್, ಹಚ್ಚಿಕೊಂಡು ಕೆಲಸಕ್ಕೆ ಹೋದ ದಿನ ಇನ್ನೂ ನೆನಪಿದೆ. ಬೆಳಿಗ್ಗೆ ಬಚ್ಚಲುಮನೆಯ ಕನ್ನಡಿಯಲ್ಲಿ ಎಲ್ಲ ಸರಿಯಾಗೇ ಕಂಡಿತ್ತು. ಮಧ್ಯಾಹ್ನ ಕೈ ತೊಳೆಯಲು ಹೋಗಿ ತಲೆ ಎತ್ತಿದರೆ, ಮೂಗಿನ ಎರಡೂ ಪಕ್ಕ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆ ಎದ್ದಿತ್ತು. ಹಣೆ ಜಿಡ್ಡು ಜಿಡ್ಡು. ಮುಖಕ್ಕೊಂದು ಬಣ್ಣ, ಕುತ್ತಿಗೆಗೊಂದು ಬಣ್ಣ. ಸಂಜೆ ಮನೆಗೆ ಬಂದಾಗ ತಂಗಿ ಬಾಗಿಲಲ್ಲೇ ನಿಲ್ಲಿಸಿ, "ಅಕ್ಕಾ, ಈ ಮುಖ ಯಾರ ಹತ್ರ ಇಸ್ಕೊಂಡು ಬಂದೆ?" ಅಂದಳು.

ತಪ್ಪು ಫೌಂಡೇಶನ್ನಿನದು ಅಂದುಕೊಂಡೆ. ಇನ್ನೊಂದು ಕೊಂಡೆ. ಅದೂ ಹಾಗೇ ಆಯಿತು. ಮೂರನೆಯದೂ ಚಕ್ಕೆ ಎದ್ದ ಮೇಲೆ, ಬಣ್ಣವನ್ನು ಬೈಯುವುದು ಬಿಟ್ಟು ಗೋಡೆಯನ್ನು ನೋಡೋಣ ಅನ್ನಿಸಿತು. ಒಂದು ಭಾನುವಾರ ಮುಖಕ್ಕೆ ಏನೂ ಹಚ್ಚದೆ, ಕೈಗನ್ನಡಿ ಹಿಡಿದು ಕಿಟಕಿ ಪಕ್ಕ ಕೂತೆ. ಬಚ್ಚಲುಮನೆಯ ಹಳದಿ ದೀಪದಲ್ಲಿ ಕಾಣದ್ದೆಲ್ಲ ಅಲ್ಲಿ ಕಂಡಿತು. ಕೆನ್ನೆ ಒಣಗಿ ಸಣ್ಣ ಸಣ್ಣ ಗೆರೆ ಬಿದ್ದಿತ್ತು. ಬಾಯಿಯ ಸುತ್ತ ಸಿಪ್ಪೆ ಏಳುತ್ತಿತ್ತು. ಇಂಥ ಚರ್ಮದ ಮೇಲೆ ಯಾವ ಫೌಂಡೇಶನ್ ತಾನೇ ನಿಂತೀತು?

ಹಾಗೆ ಮಾಡಿಕೊಂಡವಳು ನಾನೇ. ನನ್ನದು ಜಿಡ್ಡಿನ ಮುಖ ಅಂತ ದಿನಕ್ಕೆ 4 ಸಲ ಮೈಸೋಪಿನಲ್ಲೇ ತೊಳೆಯುತ್ತಿದ್ದೆ. ದಿನ ಬಿಟ್ಟು ದಿನ ಹರಳು ಹರಳಾದ ಸ್ಕ್ರಬ್ ಹಾಕಿ ಉಜ್ಜುತ್ತಿದ್ದೆ. ತೊಳೆದ ಮೇಲೆ ಮುಖ ಬಿಗಿಯಾಗಿ ಎಳೆದ ಹಾಗಾದರೆ, ಆಹಾ, ಕೊಳೆಯೆಲ್ಲ ಹೋಯಿತು ಅನ್ನುವ ಸಮಾಧಾನ. ಕೊಳೆಯ ಜೊತೆ ಇರಬೇಕಾದದ್ದೂ ಹೋಗುತ್ತಿತ್ತು. ಚರ್ಮದ ಮೇಲ್ಪದರ ಸ್ವಲ್ಪ ಆಮ್ಲದ ಗುಣದ್ದು, ಅದರ ಪಿಎಚ್ (ಆಮ್ಲ, ಕ್ಷಾರದ ಅಳತೆ) ಸುಮಾರು 5. ಮಾಮೂಲಿ ಸೋಪಿನದು 9ರಿಂದ 10, ಅಂದರೆ ಕ್ಷಾರ. ಮೇಲ್ಪದರದ ಕೋಶಗಳ ನಡುವೆ ಒಂದು ಬಗೆಯ ಕೊಬ್ಬಿನಂಶ ಇರುತ್ತದೆ. ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ. ಒಳಗಿನ ನೀರು ಆರಿ ಹೋಗದಂತೆ ತಡೆಯುವುದು ಅದೇ. ಪದೇ ಪದೇ ಸೋಪು ಹಾಕಿದರೆ ಆ ಗಾರೆಯೂ ತೊಳೆದು ಹೋಗುತ್ತದೆ. ಇದರಲ್ಲಿ ಮೋಸ ಏನೆಂದರೆ, ಮುಖ ಒಳಗೆ ಒಣಗುತ್ತಿದ್ದರೂ ಎಣ್ಣೆ ಗ್ರಂಥಿಗಳು ತಮ್ಮ ಕೆಲಸ ನಿಲ್ಲಿಸುವುದಿಲ್ಲ. ಹಾಗಾಗಿ ಒಂದೇ ಮುಖದಲ್ಲಿ ಜಿಡ್ಡೂ ಇರುತ್ತದೆ, ಸಿಪ್ಪೆಯೂ ಇರುತ್ತದೆ. ನಾನು ಜಿಡ್ಡನ್ನು ಮಾತ್ರ ನೋಡಿ ಇನ್ನಷ್ಟು ತೊಳೆಯುತ್ತಿದ್ದೆ.

ಮೈಸೋಪನ್ನು ಮೈಗೇ ಬಿಟ್ಟು, ನೊರೆ ಕಡಿಮೆ ಬರುವ, ವಾಸನೆ ಇಲ್ಲದ ಒಂದು ಫೇಸ್‌ವಾಶ್ ತಂದೆ. ರಾತ್ರಿ ಒಂದು ಸಲ ಅದರಲ್ಲಿ ತೊಳೆಯುವುದು, ಬೆಳಿಗ್ಗೆ ಬರೀ ನೀರು. ಬೆವರು ಜಾಸ್ತಿಯಾದ ದಿನ ಮಾತ್ರ ಇನ್ನೊಂದು ಸಲ. ಬಿಸಿ ನೀರು ಬಿಟ್ಟೆ, ಉಗುರು ಬೆಚ್ಚಗಿನದು ಸಾಕು. ಸ್ಕ್ರಬ್ ಡಬ್ಬಿಯನ್ನು ಹಿಮ್ಮಡಿ ಉಜ್ಜಲು ಇಟ್ಟುಕೊಂಡೆ, ಸುಮ್ನೆ ಯಾಕೆ ಎಸೆಯುವುದು.

ಆಮೇಲೆ ಮಾಯಿಶ್ಚರೈಸರ್. ಜಿಡ್ಡಿನ ಮುಖಕ್ಕೆ ಅದು ಬೇಡ ಅಂತ ಇಷ್ಟು ವರ್ಷ ನಂಬಿದ್ದೆ. ಎಣ್ಣೆ ಇದ್ದ ಮಾತ್ರಕ್ಕೆ ನೀರು ಇದೆ ಅಂತ ಅಲ್ಲವಲ್ಲ. ಕೆನೆಯಂತೆ ದಪ್ಪಗಿರುವುದು ನನಗೆ ಆಗಲಿಲ್ಲ, ಜೆಲ್ ಥರದ್ದು ಹೊಂದಿತು. ಒಣ ಚರ್ಮದವರಿಗೆ ದಪ್ಪನೆಯದೇ ಹೊಂದಬಹುದು. ಅದಕ್ಕಿಂತ ಮುಖ್ಯ, ಯಾವಾಗ ಹಚ್ಚುತ್ತೇವೆ ಅನ್ನುವುದು. ಮುಖ ತೊಳೆದು ಟವೆಲ್‌ನಿಂದ ಉಜ್ಜದೆ ಒತ್ತಿಕೊಂಡು, ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಹಚ್ಚಬೇಕು. ಇದ್ದ ತೇವ ಅಲ್ಲೇ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದಾಗ ಅದೇ ಡಬ್ಬಿಯ ಅದೇ ಜೆಲ್ ನನಗೆ ಅರ್ಧ ಕೆಲಸವನ್ನೂ ಮಾಡಲಿಲ್ಲ.

ಒಂದು ವಾರದಲ್ಲಿ ಬಿಗಿತ ಹೋಯಿತು. ಸಿಪ್ಪೆ ಏಳುವುದು ನಿಲ್ಲಲು ಹೆಚ್ಚು ಕಡಿಮೆ ಒಂದು ತಿಂಗಳು ಬೇಕಾಯಿತು. ಚರ್ಮದ ಮೇಲ್ಪದರ ಉದುರಿ ಹೊಸದು ಬರಲು 4 ವಾರ, ಕೆಲವರಲ್ಲಿ ಇನ್ನೂ ಜಾಸ್ತಿ ಹಿಡಿಯುತ್ತದೆ. ವಯಸ್ಸಾದಂತೆ ಅದು ಇನ್ನೂ ನಿಧಾನ. ಮೂರು ದಿನಕ್ಕೆ ಹೊಳಪು ಅನ್ನುವ ಡಬ್ಬಿಗಳನ್ನು ಆಗಿನಿಂದ ನಾನು ನಂಬುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುಖ ಸ್ವಲ್ಪ ಸರಿ ಹೋದದ್ದೇ ತಡ, ನನಗೆ ಆಸೆ ಹತ್ತಿತು. ಒಂದೇ ವಾರದಲ್ಲಿ ಹೊಳಪಿಗೆ ಅನ್ನುವ ವಿಟಮಿನ್ ಸಿ ಸೀರಮ್, ಮೊಡವೆಗೆ ಅನ್ನುವ ಸ್ಯಾಲಿಸಿಲಿಕ್ ಆಸಿಡ್, ಸುಕ್ಕಿಗೆ ಅನ್ನುವ ರೆಟಿನಾಲ್ ಮೂರನ್ನೂ ಶುರು ಮಾಡಿದೆ. ನಾಲ್ಕನೇ ದಿನ ನೀರು ತಾಗಿದರೂ ಕೆನ್ನೆ ಉರಿಯುತ್ತಿತ್ತು. ಮುಖ ಕೆಂಪಗೆ ಊದಿಕೊಂಡಿತು. ಯಾವುದರಿಂದ ಹೀಗಾಯಿತು ಅಂತ ಹೇಳುವ ದಾರಿಯೇ ಇರಲಿಲ್ಲ, ಮೂರನ್ನೂ ಒಟ್ಟಿಗೆ ಹಚ್ಚಿದ್ದೆನಲ್ಲ. ಎಲ್ಲ ನಿಲ್ಲಿಸಿ 3 ವಾರ ಬರೀ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್‌ನಲ್ಲಿ ಕಳೆದೆ. ಅದೇ ದಿನಗಳಲ್ಲಿ ಎದ್ದ ಒಂದು ಮೊಡವೆಗೆ ಯಾರದೋ ಮಾತು ಕೇಳಿ ಟೂತ್‌ಪೇಸ್ಟ್ ಬೇರೆ ಹಚ್ಚಿದೆ. ಮೊಡವೆ ಎರಡು ದಿನಕ್ಕೆ ಹೋಗುತ್ತಿತ್ತೋ ಏನೋ, ಸುಟ್ಟ ಕಲೆ ಎರಡು ತಿಂಗಳು ಉಳಿಯಿತು.

ಈಗ ಹೊಸದು ಏನೇ ತಂದರೂ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡುತ್ತೇನೆ. ಒಂದೇ ಜಾಗಕ್ಕೆ ದಿನಕ್ಕೆ ಎರಡು ಸಲ, ಒಂದು ವಾರ. ಕೆಲವು ಅಲರ್ಜಿ ಮೊದಲ ದಿನವೇ ತೋರುವುದಿಲ್ಲ, ನಾಲ್ಕೈದು ದಿನ ಕಳೆದ ಮೇಲೆ ತುರಿಕೆ ಶುರುವಾಗುತ್ತದೆ. ಅದು ಪಾಸಾದರೆ ಮುಖಕ್ಕೆ. ಆಮೇಲೆ ಒಂದು ತಿಂಗಳು ಬೇರೆ ಯಾವ ಹೊಸದೂ ಇಲ್ಲ. ಒಂದು ಚಿಕ್ಕ ಪುಸ್ತಕದಲ್ಲಿ ಯಾವ ದಿನ ಏನು ಶುರು ಮಾಡಿದೆ ಅಂತ ಬರೆದಿಡುತ್ತೇನೆ. ತಂಗಿ ಅದನ್ನು ಮುಖದ ಜಮಾ ಖರ್ಚು ಅನ್ನುತ್ತಾಳೆ. ಆ ಪುಸ್ತಕದಿಂದಲೇ ತಿಳಿದದ್ದು, ಸ್ಯಾಲಿಸಿಲಿಕ್ ಆಸಿಡ್ ವಾರಕ್ಕೆ ಎರಡು ಸಲವಾದರೆ ನನ್ನ ಮೂಗಿನ ಬ್ಲಾಕ್‌ಹೆಡ್ ಕಡಿಮೆಯಾಗುತ್ತದೆ, ಮೂರಾದರೆ ಸಿಪ್ಪೆ ಏಳುತ್ತದೆ ಅಂತ. ಅದು ಎಣ್ಣೆಯಲ್ಲಿ ಕರಗುವಂಥದ್ದು, ಹಾಗಾಗಿ ರಂಧ್ರದ ಒಳಗಿನ ಜಿಡ್ಡಿಗೂ ತಲುಪುತ್ತದೆ. ವಿಟಮಿನ್ ಸಿ ಬಾಟಲಿ ಕಂದು ಬಣ್ಣಕ್ಕೆ ತಿರುಗಿತ್ತು, ಅಂದರೆ ಕೆಟ್ಟಿದೆ ಅಂತ. ಎಸೆದೆ. ರೆಟಿನಾಲ್ ನಾನು ಮತ್ತೆ ಮುಟ್ಟಲಿಲ್ಲ. ಹಚ್ಚುವವರು ರಾತ್ರಿ ಮಾತ್ರ, ತೀರಾ ಸ್ವಲ್ಪ ಹಚ್ಚಿ. ಬಸುರಿಯರು, ಮಗು ಬೇಕು ಅಂತ ಇರುವವರು ಅದನ್ನು ಹಚ್ಚಲೇಬಾರದು.

ಸನ್‌ಸ್ಕ್ರೀನ್ ವಿಷಯದಲ್ಲಿ ನಾನು ಮಾಡಿದ ತಪ್ಪು ಅಳತೆಯದು. ಬಟಾಣಿ ಕಾಳಿನಷ್ಟು ತೆಗೆದುಕೊಂಡು ಇಡೀ ಮುಖಕ್ಕೆ ಎಳೆಯುತ್ತಿದ್ದೆ. ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆ, ಅಂದರೆ ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಲೆಕ್ಕ, ಬರುವುದು ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷೆ ಮಾಡಿದಾಗ. ಅದಕ್ಕಿಂತ ಕಡಿಮೆ ಹಚ್ಚಿದರೆ ಆ ಸಂಖ್ಯೆಯ ರಕ್ಷಣೆ ಸಿಗುವುದಿಲ್ಲ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿಕೊಳ್ಳಿ, ಮುಖ ಮತ್ತು ಕುತ್ತಿಗೆಗೆ ಅಷ್ಟು ಬೇಕು. ಎಸ್‌ಪಿಎಫ್ 15 ಬಿಸಿಲಿನಲ್ಲಿ ಚರ್ಮ ಸುಡುವ ಯುವಿಬಿ ಕಿರಣವನ್ನು ಸುಮಾರು 93 ಶೇಕಡಾ ತಡೆಯುತ್ತದೆ, 30 ಇದ್ದರೆ 97, 50 ಇದ್ದರೆ 98. ಹಾಗಾಗಿ 30 ಮತ್ತು 50ರ ನಡುವೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಇರುವುದನ್ನು ಸರಿಯಾಗಿ ಹಚ್ಚುವುದು ವಾಸಿ. ಕಿಟಕಿ ಪಕ್ಕ ಕೂತು ಕೆಲಸ ಮಾಡುವವರೂ ಹಚ್ಚಬೇಕು, ಬಿಸಿಲಿನ ಇನ್ನೊಂದು ಬಗೆಯ ಯುವಿಎ ಕಿರಣ ಮಾಮೂಲಿ ಗಾಜನ್ನು ದಾಟಿ ಬರುತ್ತದೆ. ಫೌಂಡೇಶನ್ನಿನಲ್ಲೇ ಎಸ್‌ಪಿಎಫ್ ಇದೆಯಲ್ಲ ಅಂತ ನಾನೂ ಕೇಳಿದ್ದೆ. ಅದನ್ನು ಎರಡು ಬೆರಳು ತುಂಬ ಹಚ್ಚಿದರೆ ಮುಖವಾಡ ಆಗುತ್ತದೆ ಅಷ್ಟೇ.

ಕೆಲವು ಸನ್‌ಸ್ಕ್ರೀನ್ ಮುಖದ ಮೇಲೆ ಬೂದಿ ಮೆತ್ತಿದ ಹಾಗೆ ಬೆಳ್ಳಗೆ ಕಾಣುತ್ತವೆ. ಹೆಚ್ಚಾಗಿ ಅವು ಜಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಇರುವಂಥವು. ಬಣ್ಣ ಬೆರೆಸಿದ್ದು ಸಿಕ್ಕರೆ ಆ ತೊಂದರೆ ಇಲ್ಲ. ಇನ್ನೊಂದು, ಸನ್‌ಸ್ಕ್ರೀನ್ ಮೇಲೆ ಫೌಂಡೇಶನ್ ಉಜ್ಜಿದರೆ ರಬ್ಬರಿನ ಪುಡಿ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬರುವುದು. ಅವಸರದ ಫಲ ಅದು. ಮಾಯಿಶ್ಚರೈಸರ್ ಹಚ್ಚಿ ಹಲ್ಲು ಉಜ್ಜುತ್ತೇನೆ, ಸನ್‌ಸ್ಕ್ರೀನ್ ಹಚ್ಚಿ ಬಟ್ಟೆ ಹಾಕಿಕೊಳ್ಳುತ್ತೇನೆ. ಅಷ್ಟು ಹೊತ್ತಿಗೆ ಎರಡೂ ಕೂತಿರುತ್ತವೆ. ಬಿಸಿಲಲ್ಲಿ ಇರುವ ದಿನ 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮೇಕಪ್ ಮೇಲೆ ಹಚ್ಚುವುದು ನಿಜಕ್ಕೂ ಕಿರಿಕಿರಿ, ಸ್ಪಂಜಿನಿಂದ ಒತ್ತಿ ಒತ್ತಿ ಹಚ್ಚುತ್ತೇನೆ.

ಇಷ್ಟೆಲ್ಲ ಆದ ಮೇಲೆ ಮತ್ತೆ ಫೌಂಡೇಶನ್ ಕೈಗೆತ್ತಿಕೊಂಡೆ. ಮೂರರಲ್ಲಿ ಎರಡರ ಬಣ್ಣವೇ ತಪ್ಪು. ಅಂಗಡಿಯ ದೀಪದಲ್ಲಿ ಕೈ ಹಿಂಬದಿಗೆ ಹಚ್ಚಿ ನೋಡಿ ಕೊಂಡದ್ದರ ಫಲ. ಕೈಯ ಬಣ್ಣವೇ ಬೇರೆ, ಮುಖದ ಬಣ್ಣವೇ ಬೇರೆ. ದವಡೆಯ ಅಂಚಿನಿಂದ ಕುತ್ತಿಗೆಗೆ ಒಂದು ಗೆರೆ ಎಳೆದು, ಹಗಲು ಬೆಳಕಿಗೆ ಬಂದು, ಕಾಲು ಗಂಟೆ ಬಿಟ್ಟು ನೋಡಬೇಕು. ಕೆಲವು ಗಾಳಿ ತಾಗಿದ ಮೇಲೆ ಸ್ವಲ್ಪ ಕಪ್ಪಾಗುತ್ತವೆ. ಗೆರೆ ಕಾಣದೆ ಹೋದರೆ ಅದು ನಿಮ್ಮದು. ಮೂರನೆಯದು, ಅಂದು ಬೈದು ಮೂಲೆಗೆ ಹಾಕಿದ್ದು, ಈಗ ಚಕ್ಕೆ ಏಳದೆ ಸಂಜೆವರೆಗೆ ನಿಲ್ಲುತ್ತದೆ.

ಇಡೀ ಮುಖಕ್ಕೆ ಬಳಿಯುವುದನ್ನೂ ಬಿಟ್ಟೆ. ಮೂಗಿನ ಪಕ್ಕ, ಗದ್ದ, ಕಲೆ ಇರುವ ಕಡೆ, ಅಷ್ಟಕ್ಕೇ ಹಚ್ಚಿ ಅಂಚನ್ನು ಸ್ಪಂಜಿನಿಂದ ಹರಡುತ್ತೇನೆ. ಸ್ಪಂಜನ್ನು ನೀರಲ್ಲಿ ನೆನೆಸಿ ಚೆನ್ನಾಗಿ ಹಿಂಡಿ ಬಳಸಬೇಕು, ಒಣ ಸ್ಪಂಜು ಅರ್ಧ ಫೌಂಡೇಶನ್ ತಾನೇ ಕುಡಿಯುತ್ತದೆ. ಎಳೆಯಬಾರದು, ಒತ್ತಬೇಕು. ಕಣ್ಣಿನ ಕೆಳಗಿನ ಕಪ್ಪಿಗೆ, ಕಲೆ ಮುಚ್ಚುವ ತಿಳಿ ಬಣ್ಣದ ಕನ್ಸೀಲರ್ ನೇರ ಹಚ್ಚಿದಾಗ ಬೂದು ಬಣ್ಣ ಬರುತ್ತಿತ್ತು. ಅದರ ಕೆಳಗೆ ಒಂದು ಚುಕ್ಕಿ ಕಿತ್ತಳೆ ಛಾಯೆಯ ಕರೆಕ್ಟರ್ ಇಟ್ಟ ಮೇಲೆ ಸರಿ ಹೋಯಿತು, ಕಿತ್ತಳೆ ಬಣ್ಣ ನೀಲಿ ಛಾಯೆಯನ್ನು ಅಳಿಸುತ್ತದೆ. ಪೌಡರ್ ಹಣೆ, ಮೂಗಿಗೆ ಮಾತ್ರ. ಹುಬ್ಬು ಬಾಚಿ, ಖಾಲಿ ಇರುವಲ್ಲಿ ಪೆನ್ಸಿಲ್‌ನಿಂದ ಎರಡು ಗೆರೆ. ಕೆನ್ನೆಗೆ ಬೆರಳಿನಿಂದ ಲಿಪ್‌ಸ್ಟಿಕ್ಕನ್ನೇ ತಟ್ಟುತ್ತೇನೆ, ಬ್ಲಶ್ ಬೇರೆ ಕೊಳ್ಳಲಿಲ್ಲ. ಎಲ್ಲ ಸೇರಿ 10 ನಿಮಿಷ.

ತೆಗೆಯುವುದಕ್ಕೆ ನಾನು ಹಚ್ಚುವುದಕ್ಕಿಂತ ಜಾಸ್ತಿ ಹೊತ್ತು ಕೊಡುತ್ತೇನೆ. ಕಾಜಲ್, ಮಸ್ಕಾರಾ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಕರಗುತ್ತವೆ. ಒಣ ಮುಖಕ್ಕೆ ಕ್ಲೆನ್ಸಿಂಗ್ ಆಯಿಲ್ ಹಚ್ಚಿ ಮೆಲ್ಲಗೆ ತಿಕ್ಕಿ, ಆಮೇಲೆ ಫೇಸ್‌ವಾಶ್. ಕಣ್ಣಿಗೆ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಸಾಕು, ಉಜ್ಜುವುದೇ ಬೇಡ.

ಇನ್ನು ಸ್ಪಂಜಿನ ಕಥೆ. ಹೊರಗಿನಿಂದ ಚೆನ್ನಾಗೇ ಇತ್ತು. ತಂಗಿ ಯಾವುದಕ್ಕೋ ಅದನ್ನು ಕತ್ತರಿಸಿದಳು. ಒಳಗೆ ಕಪ್ಪು ಕಪ್ಪು ಬೂಷ್ಟು. "ಅಕ್ಕಾ, ಇದನ್ನಾ ದಿನಾ ಮುಖಕ್ಕೆ ಒತ್ಕೊಳ್ತಿದ್ದೆ?" ಅಂದಾಗ ಮೈ ಜುಮ್ಮೆಂದಿತು. ಒದ್ದೆ ಸ್ಪಂಜನ್ನು ಡಬ್ಬಿಯೊಳಗೆ ಮುಚ್ಚಿಡುತ್ತಿದ್ದೆ, ಅದೇ ಕಾರಣ. ಈಗ ಬಳಸಿದ ದಿನವೇ ತೊಳೆದು ಗಾಳಿಗೆ ಇಡುತ್ತೇನೆ. ಬ್ರಶ್ ವಾರಕ್ಕೊಮ್ಮೆ ತೊಳೆದು, ಕೂದಲು ಕೆಳಗೆ ಜೋತು ಬೀಳುವ ಹಾಗೆ ಒಣಗಿಸುತ್ತೇನೆ. ಮಸ್ಕಾರಾ ತೆರೆದು 3 ತಿಂಗಳಾದರೆ ಕಸದ ಬುಟ್ಟಿಗೆ, ತುಂಬಿದ್ದರೂ ಸರಿ. ಡಬ್ಬಿಗಳ ಹಿಂದೆ ಮುಚ್ಚಳ ತೆರೆದ ಚಿಕ್ಕ ಚಿತ್ರವೊಂದು ಇರುತ್ತದೆ, ಅದರಲ್ಲಿ 6 ಅಥವಾ 12 ಅಂತ ಇದ್ದರೆ ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಅಂತ ಅರ್ಥ. ತೆರೆದ ತಾರೀಖನ್ನು ಅಲ್ಲೇ ಪೆನ್ನಿನಲ್ಲಿ ಬರೆಯುತ್ತೇನೆ.

ಐಲೈನರ್ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಒಂದೇ ಎಳೆತಕ್ಕೆ ಗೆರೆ ಬರುವುದಿಲ್ಲ ಅಂತ ರೆಪ್ಪೆಯ ಬುಡಕ್ಕೆ ಚುಕ್ಕಿ ಇಟ್ಟು, ಆಮೇಲೆ ಜೋಡಿಸುತ್ತೇನೆ. ಬಲಗಣ್ಣು ಪರವಾಗಿಲ್ಲ. ಎಡಗಣ್ಣು ಇನ್ನೂ ಮಾತು ಕೇಳುತ್ತಿಲ್ಲ.