ಮಾವನ ಕಾಲು, ನನ್ನ ಗಡಿಯಾರ, ಅರವತ್ತು ರೂಪಾಯಿಯ ಟೇಪು

ಹೋದ ವಾರ, ಪಾರ್ಕಿನ್ಸನ್ (ಮೈ ಬಿಗಿದು ನಡಿಗೆ ನಿಧಾನವಾಗುವ ನರರೋಗ) ಇರುವ ನನ್ನ ಮಾವ ಒಬ್ಬರೇ ಬಚ್ಚಲಿಗೆ ಹೋಗಿ ಬಂದರು. ಬಾಗಿಲಲ್ಲಿ ನಿಂತು ಹೋಗಲಿಲ್ಲ, ನನ್ನನ್ನು ಕೂಗಲಿಲ್ಲ. ಅತ್ತೆ ಮಾತ್ರ ಇದು ಗೋಕರ್ಣದಲ್ಲಿ ಮಾಡಿಸಿದ ಪೂಜೆಯ ಫಲ ಅನ್ನುತ್ತಾರೆ. ಅನ್ನಲಿ ಬಿಡಿ, ಲೆಕ್ಕ ನನ್ನ ಡೈರಿಯಲ್ಲಿದೆ.

ಪಾರ್ಕಿನ್ಸನ್ ಇರುವ ಮನೆಯವರಿಗೆ ಆನ್, ಆಫ್ ಏನೆಂದು ನಾನು ಹೇಳಬೇಕಿಲ್ಲ. ಉಳಿದವರಿಗೆ: ಮಾತ್ರೆ ಹಿಡಿದು ಮೈ ಆಡುವ ಹೊತ್ತು ಆನ್, ಅದರ ಗುಣ ಇಳಿದು ಮೈ ಬಿಗಿಯುವ ಹೊತ್ತು ಆಫ್. ಮಾವನಿಗೆ ಆರು ವರ್ಷದಿಂದ ಸಿಂಡೋಪಾ, ಎಲ್-ಡೋಪಾ ಎಂಬ ಔಷಧ ಇರುವ ಮಾತ್ರೆ. ಮೊದಮೊದಲು ನುಂಗಿದ ಅರ್ಧ ಗಂಟೆಗೆ ತೋಟ ಸುತ್ತುತ್ತಿದ್ದವರು ಆಮೇಲೆ ಮಧ್ಯಾಹ್ನದ ಹೊತ್ತಿಗೆ ಮರದ ಬೊಂಬೆಯಂತೆ ಆಗತೊಡಗಿದರು. ಡೋಸ್ ಏರಿತು, ಗುಣ ಏರಲಿಲ್ಲ. ಈ ಗಡಿಬಿಡಿಯಲ್ಲಿ ಸುಮಾರು ಮೂರೂವರೆ ಸಾವಿರದ ವಾಕರ್ ತಂದೆವು (ಈಗ ಅಟ್ಟದ ಮೇಲಿದೆ), ಎಣ್ಣೆ ತಿಕ್ಕುವವನಿಗೆ ಹತ್ತು ಹನ್ನೆರಡು ಸಾವಿರ ಕೊಟ್ಟೆವು. ತಲೆಸುತ್ತು ಎಂದು ಹತ್ತಿರದ ಒಂದು ಕ್ಲಿನಿಕ್‌ಗೆ ಹೋದರೆ ಅಲ್ಲಿ ಸಿನ್ನರಿಜಿನ್ ಬರೆದುಕೊಟ್ಟರು. ಎರಡು ವಾರದಲ್ಲಿ ಮಾವ ಹಾಸಿಗೆ ಹಿಡಿದರು. ಆ ಮಾತ್ರೆಯೇ ಮೈ ಬಿಗಿಯುವಂತೆ ಮಾಡುತ್ತದೆಂದು ನಮ್ಮ ನರರೋಗ ಡಾಕ್ಟರು ಹೇಳಿದ ಮೇಲೆಯೇ ನನಗೆ ತಿಳಿದದ್ದು. ವಾಂತಿಗೆ ಕೊಡುವ ಮೆಟೋಕ್ಲೋಪ್ರಮೈಡೂ ಹಾಗೆಯೇ. ಎರಡರ ಹೆಸರೂ ಈಗ ಮಾವನ ಕಿಸೆಯಲ್ಲಿ ಚೀಟಿಯಾಗಿ ಇರುತ್ತದೆ.

ನಿಜವಾದ ಕಳ್ಳ ಹಾಲು. ಬೆಳಗಿನ ಮಾತ್ರೆಯನ್ನು ಅತ್ತೆ ಪ್ರೀತಿಯಿಂದ ಒಂದು ಲೋಟ ಹಾಲಿನ ಜೊತೆ ಕೊಡುತ್ತಿದ್ದರು. ಪ್ರೋಟೀನು ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಮಾತ್ರೆಯ ಜೊತೆ ಜಾಗಕ್ಕೆ ಜಗಳಾಡುತ್ತದೆ. ಹಾಗಾಗಿ ಡಾಕ್ಟರನ್ನು ಕೇಳಿ ಸಮಯ ಕಟ್ಟಿದೆ: ಆರು, ಹತ್ತು, ಎರಡು, ಆರು. ಮಾತ್ರೆಗೆ ನೀರು ಮಾತ್ರ, ತಿಂಡಿ ಮುಕ್ಕಾಲು ಗಂಟೆ ಬಿಟ್ಟು. ಹಗಲಿಗೆ ಅನ್ನ, ಅಪ್ಪೆಹುಳಿ, ಪಲ್ಯ. ಬೇಳೆ, ಹುರುಳಿ, ಮೊಸರು ಎಲ್ಲ ರಾತ್ರಿಗೆ.

"ಬೇಳೆ ಇಲ್ಲದ ಊಟ ರೋಗಿಗೆ ಹಾಕ್ತಾರೇನೇ?" ಎಂದು ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಅವರ ಮಾತಲ್ಲೂ ಹುರುಳಿತ್ತು. ಮೊದಲ ತಿಂಗಳು ನಾನು ಅತಿ ಮಾಡಿ ರಾತ್ರಿಯೂ ಕಮ್ಮಿ ಬಡಿಸಿದೆ, ಮಾವ ಮೂರು ಕಿಲೋ ಇಳಿದರು. ರಾತ್ರಿಯ ತಟ್ಟೆ ದೊಡ್ಡದು ಮಾಡಿದ ಮೇಲೆ ತೂಕ ನಿಂತಿತು. ಮಲ ಕಟ್ಟಿದ ದಿನ ಮಾತ್ರೆ ತಡವಾಗಿ ಹಿಡಿಯುತ್ತದೆ ಅನ್ನುವುದೂ ಡೈರಿ ಬರೆದೇ ಗೊತ್ತಾದದ್ದು. ನಾಲ್ಕು ತಾಸಿನಷ್ಟಿದ್ದ ಆಫ್ ಈಗ ದಿನಕ್ಕೆ ಒಂದು, ಒಂದೂವರೆ ತಾಸು. ಡೋಸ್ ಏರಿಸಿಲ್ಲ. ಡೈರಿ ನೋಡಿದ ಡಾಕ್ಟರು ಅದರ ಫೋಟೋ ತೆಗೆದುಕೊಂಡರು, ನಾನು ಸ್ವಲ್ಪ ಉಬ್ಬಿದೆ.

ನಡುವೆ ಒಂದು ಮೂರ್ಖತನ. ನಸುಗುನ್ನಿ ಬೀಜದಲ್ಲೂ ಇದೇ ಎಲ್-ಡೋಪಾ ಇದೆ ಎಂದು ಓದಿ ಪುಡಿ ತಂದು ಮಾತ್ರೆಯ ಜೊತೆಗೆ ಅದನ್ನೂ ಕೊಟ್ಟೆ. ಮೂರನೇ ದಿನ ಮಾವನ ತೋಳು, ಕುತ್ತಿಗೆ ತಾವಾಗಿಯೇ ಹಾವಿನಂತೆ ಹೊರಳತೊಡಗಿದವು. ಡಾಕ್ಟರ ಬೈಗುಳ ಇನ್ನೂ ಕಿವಿಯಲ್ಲಿದೆ. ಯಾರೂ ಮಾಡಬೇಡಿ.

ಮಾತ್ರೆ ಸರಿ ಹೋದರೂ ಬಾಗಿಲಲ್ಲಿ ಕಾಲು ಅಂಟುವುದು ಬಿಡಲಿಲ್ಲ. ಒಂದು ದಿನ ಅಂಗಳದಲ್ಲಿ ಅಡಿಕೆ ದಬ್ಬೆ ಸಾಲಾಗಿ ಹಾಕಿತ್ತು, ಮಾವ ಒಂದೊಂದನ್ನೇ ದಾಟುತ್ತ ಸರಾಗ ಬಂದರು! ನಾನು ಕೂಡಲೇ ಒಳಗೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದೆ, ನಡೆದರು. ಸಂಜೆ ನೆಲ ಒರೆಸುವಾಗ ಗೆರೆ ಹೋಯಿತು. ಕಂದು ಟೇಪು ಕೆಂಪು ಗಾರೆ ನೆಲದಲ್ಲಿ ಕಾಣಲೇ ಇಲ್ಲ. ಕೊನೆಗೆ ಬಿಳಿ ಟೇಪು, ಅರವತ್ತು ರೂಪಾಯಿ. ಒಂದೂ ಕಾಲು ಅಡಿಗೊಂದು ಗೆರೆ ಇಟ್ಟೆ, ಅವರವರ ಹೆಜ್ಜೆ ಅಳೆದು ಹಾಕಬೇಕು. ಬಾಗಿಲಿಗೆ ಮೊದಲೂ ಆಮೇಲೂ ಗೆರೆ ಇರಲಿ, ಹೊಸಿಲಲ್ಲೇ ಮುಗಿಸಿದರೆ ಹೊಸಿಲಲ್ಲೇ ನಿಲ್ಲುತ್ತಾರೆ.

ಮೊಬೈಲಿನ ಟಿಕ್ ಟಿಕ್ ತಾಳ ಮಾವನಿಗೆ ಸಿಟ್ಟು ತರಿಸಿತು. ಯಕ್ಷಗಾನದ ಹುಚ್ಚಿನ ಮನುಷ್ಯ, ಚೆಂಡೆಯ ರೆಕಾರ್ಡಿಂಗ್ ಹಾಕಿದರೆ ನಡೆಯುತ್ತಾರೆ. ಗೆರೆಯಿಲ್ಲದ ಕಡೆ ಕಾಲು ಅಂಟಿದರೆ ನಾನು ಕಿವಿಯಲ್ಲಿ ಒಂದು ಮಾತು ಹೇಳುತ್ತೇನೆ, ತಕ್ಷಣ ಹೆಜ್ಜೆ ಏಳುತ್ತದೆ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ, ಮಾವ ಓದುತ್ತಾರೆ.

ಈ ಮಳೆಗಾಲದಲ್ಲಿ ಟೇಪಿನ ಅಂಚು ಏಳುತ್ತಿದೆ, ಎಡವುವ ಭಯ. ಬಿಳಿ ಪೇಂಟೇ ಹೊಡೆಸಬೇಕು. ಐವತ್ತು ವರ್ಷ ಉಜ್ಜಿ ಹೊಳೆಸಿದ ನೆಲ ಅದು, ಅತ್ತೆಯ ಹತ್ತಿರ ಇನ್ನೂ ಬಾಯಿ ಬಿಟ್ಟಿಲ್ಲ.